ಏಕಾದಶಿಯ ಹಸಿವು, ದ್ವಾದಶಿಯ ರುಚಿ: ಮಲೆನಾಡಿನ ಮನೆಗೊಂದು ಕ್ರಮ

ಏಕಾದಶಿ ಅಂದರೆ ಒಂದು ದಿನದ ಉಪವಾಸ ಅನ್ನುವುದು ರೂಢಿ. ಧರ್ಮಶಾಸ್ತ್ರದ ಲೆಕ್ಕ ಬೇರೆ. ಅದರ ಪ್ರಕಾರ ಇದು ಮೂರು ದಿನಕ್ಕೆ ಹರಡಿದ ನಾಲ್ಕು ಊಟದ ತ್ಯಾಗ. ದಶಮಿಯ ರಾತ್ರಿ ಒಂದು, ಏಕಾದಶಿಯ ಹಗಲು ರಾತ್ರಿ ಸೇರಿ ಎರಡು, ದ್ವಾದಶಿಯ ರಾತ್ರಿ ಒಂದು. ಉಳಿಯುವುದು ಎರಡೇ ಊಟ: ದಶಮಿಯ ಮಧ್ಯಾಹ್ನದ್ದು, ದ್ವಾದಶಿಯ ಬೆಳಗಿನದು. ವ್ರತ ಕೆಡುವುದೂ ಬಹುಪಾಲು ಈ ಎರಡು ಊಟಗಳಲ್ಲೇ. ನಡುವಿನ ದಿನವನ್ನು ಹಲ್ಲು ಕಚ್ಚಿ ಯಾರಾದರೂ ಕಳೆದುಬಿಡುತ್ತಾರೆ.

ಉಪವಾಸವನ್ನು ಬರೀ ನಿಗ್ರಹ ಅಂತ ಹಿಡಿದವರ ಮನೆಯಲ್ಲಿ ಏಕಾದಶಿಯ ದಿನ ಪಾತ್ರೆಗಳ ಸದ್ದು ಜೋರಾಗಿರುತ್ತದೆ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಒಳಗೇ ಕೂತಿರುತ್ತದೆ ಎಂದು ಗೀತೆ ಎರಡನೇ ಅಧ್ಯಾಯದಲ್ಲೇ ಎಚ್ಚರಿಸಿದೆ. ಹಾಗೆ ಕೂತ ರುಚಿಯನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮ ಅಡುಗೆಮನೆಗಳು ಕಂಡುಕೊಂಡ ದಾರಿ ಪಾರಣೆ, ಅಂದರೆ ದ್ವಾದಶಿಯ ಬೆಳಗಿನ ಊಟ. ಹಾಗಾಗಿ ಕೆಳಗಿನ ಕ್ರಮದಲ್ಲಿ ಹಸಿವಿಗೆ ಎಷ್ಟು ಜಾಗವಿದೆಯೋ ಊಟಕ್ಕೂ ಅಷ್ಟೇ ಇದೆ.

ಮೊದಲು, ಯಾರು ಮಾಡಬಾರದು

ಎಂಟು ವರ್ಷದೊಳಗಿನ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಅದಕ್ಕೆ ಇನ್ನಷ್ಟು ಸೇರಿಸಿಕೊಳ್ಳಿ: ಬಸುರಿ, ಬಾಣಂತಿ, ಮೊಲೆಯೂಡಿಸುವ ತಾಯಿ, ಬೆಳೆಯುವ ಮಕ್ಕಳು, ಹೊಟ್ಟೆಹುಣ್ಣು ಇರುವವರು, ಮೂತ್ರಪಿಂಡದ ತೊಂದರೆ ಇರುವವರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಕೂಡದು, ಊಟ ಬಿಟ್ಟೆವೆಂದು ತಾವೇ ಮಾತ್ರೆಯನ್ನೂ ಬಿಡಕೂಡದು. ಬಿ.ಪಿ.ಗೆ ನೀರಿಳಿಸುವ ಮಾತ್ರೆ ನುಂಗುವವರಿಗೂ ಇದೇ ಮಾತು.

ಔಷಧಿ ತೆಗೆದುಕೊಂಡರೆ ವ್ರತಭಂಗ ಅನ್ನುವ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದಕ್ಕೆ ಆಧಾರವಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಕೋರಿಕೆ, ಗುರುವಿನ ಮಾತು, ಔಷಧಿ, ಈ ಎಂಟರಿಂದ ವ್ರತ ಕೆಡುವುದಿಲ್ಲ ಎಂಬ ಹಳೆಯ ಶ್ಲೋಕವೇ ಇದೆ. ಪಟ್ಟಿ ಮಾಡಿದವರಿಗೆ ಮನುಷ್ಯರ ಮೈ ಗೊತ್ತಿತ್ತು.

ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತಡವರಿಸಿದರೆ ಅದು ತಪಸ್ಸಿನ ಲಕ್ಷಣ ಅಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿದೆ. ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಟ್ಟು ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬೇಡಿ. ಆ ದಿನದ ವ್ರತ ಅಲ್ಲಿಗೆ ಮುಗಿಯಿತು.

ಪಂಚಾಂಗದಲ್ಲಿ ನೋಡಬೇಕಾದ್ದು

ವರ್ಷಕ್ಕೆ 24 ಏಕಾದಶಿ, ಅಧಿಕಮಾಸ ಬಂದ ವರ್ಷ 26. ಕ್ಯಾಲೆಂಡರಿನಲ್ಲಿ ಕೆಲವೊಮ್ಮೆ ಒಂದೇ ಏಕಾದಶಿ ಎರಡು ದಿನ ಕಾಣುತ್ತದೆ, ಸ್ಮಾರ್ತರಿಗೆ ಇಂದು, ವೈಷ್ಣವರಿಗೆ ನಾಳೆ ಅಂತ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿಯನ್ನು ಹಿಡಿಯುತ್ತಾರೆ. ವೈಷ್ಣವರು ಅರುಣೋದಯವನ್ನು, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ (96 ನಿಮಿಷ) ಮೊದಲಿನ ಹೊತ್ತನ್ನು ನೋಡುತ್ತಾರೆ. ಆಗ ದಶಮಿ ಇನ್ನೂ ಉಳಿದಿದ್ದರೆ ಉಪವಾಸವನ್ನು ಮರುದಿನಕ್ಕೆ ಹಾಕುತ್ತಾರೆ. ನಿಮ್ಮ ಮನೆಯಲ್ಲಿ ಯಾವುದು ನಡೆದುಬಂದಿದೆಯೋ ಅದನ್ನೇ ಹಿಡಿಯಿರಿ. ಮನೆಯಲ್ಲಿ ಯಾವ ಪದ್ಧತಿಯೂ ಇಲ್ಲದಿದ್ದರೆ ಸೂರ್ಯೋದಯದ ಲೆಕ್ಕ ಸರಳ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಪಾರಣೆಯ ಹೊತ್ತಿನ ಬಗ್ಗೆ. ದ್ವಾದಶಿ ತಿಥಿಯ ಮೊದಲ ಕಾಲು ಭಾಗಕ್ಕೆ ಹರಿವಾಸರ ಎಂದು ಹೆಸರು. ಅದು ಮುಗಿಯುವವರೆಗೆ ಉಣ್ಣುವಂತಿಲ್ಲ. ದ್ವಾದಶಿ ತಿಥಿ ಮುಗಿಯುವುದರೊಳಗೆ ಉಣ್ಣಬೇಕು. ತಿಥಿಯ ಉದ್ದ ಸುಮಾರು 19ರಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುವುದರಿಂದ ಪ್ರತಿ ಸಲ ಲೆಕ್ಕ ಹಾಕಲೇಬೇಕು.

ದ್ವಾದಶಿ ಏಕಾದಶಿಯ ರಾತ್ರಿ 10ಕ್ಕೆ ಶುರುವಾಗಿ ಮರುದಿನ ರಾತ್ರಿ 11ಕ್ಕೆ ಮುಗಿಯುತ್ತದೆ ಅನ್ನಿ. ಒಟ್ಟು 25 ಗಂಟೆ, ಅದರ ಕಾಲು ಭಾಗ ಆರೂಕಾಲು ಗಂಟೆ. ಹರಿವಾಸರ ಬೆಳಗಿನ 4:15ಕ್ಕೇ ಮುಗಿದಿರುತ್ತದೆ, ಸೂರ್ಯೋದಯವಾದ ಮೇಲೆ ನಿರಾಳವಾಗಿ ಉಣ್ಣಬಹುದು. ಅದೇ ದ್ವಾದಶಿ ಬೆಳಗಿನ ಜಾವ 4:40ಕ್ಕೆ ಶುರುವಾಗಿ 23 ಗಂಟೆ ಇದ್ದರೆ ಹರಿವಾಸರ 10:25ರವರೆಗೆ ಎಳೆಯುತ್ತದೆ. ಅಂಥ ದಿನ ಐದು ಗಂಟೆಗೇ ಎದ್ದು ಅಡುಗೆ ಮಾಡಿ, ಆರುತ್ತಿರುವ ಅನ್ನ ನೋಡುತ್ತ ಕೂರುವುದಕ್ಕಿಂತ ಒಲೆಯನ್ನೇ ಎಂಟೂವರೆಗೆ ಹೊತ್ತಿಸಿ. ಮೂರನೆಯದು ತುರ್ತಿನ ದಿನ: ದ್ವಾದಶಿ ಬೆಳಿಗ್ಗೆ 7:10ಕ್ಕೇ ಮುಗಿಯುತ್ತದೆ. ಶಿವಮೊಗ್ಗದಲ್ಲಿ ಜೂನ್ ಹೊತ್ತಿಗೆ ಸೂರ್ಯ ಆರರ ಸುಮಾರಿಗೆ ಹುಟ್ಟಿದರೆ ಜನವರಿಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಅಂದರೆ ಚಳಿಗಾಲದ ಅಂಥ ದ್ವಾದಶಿಗೆ ಸಿಗುವುದು ಕಾಲು ಗಂಟೆ. ಅಡುಗೆ ಆಗದಿದ್ದರೆ ತುಳಸಿ ಹಾಕಿದ ನೀರು ಕುಡಿದು ಪಾರಣೆ ಮಾಡಿಬಿಡಿ. ಭಾಗವತದ ಕಥೆಯಲ್ಲಿ ಅಂಬರೀಷ ರಾಜ ಮಾಡಿದ್ದೂ ಅದನ್ನೇ. ಊಟಕ್ಕೆ ಬರುತ್ತೇನೆಂದು ಸ್ನಾನಕ್ಕೆ ಹೋದ ದೂರ್ವಾಸರು ಬರಲಿಲ್ಲ, ದ್ವಾದಶಿ ಮೀರುತ್ತಿತ್ತು. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂಬ ನಿರ್ಣಯ ಅಲ್ಲಿಂದ ಬಂದಿದೆ. ಊಟ ಆಮೇಲೆ ಸಾವಕಾಶವಾಗಿ ಮಾಡಿದರಾಯಿತು.

ಕಾಫಿ ಮತ್ತು ಕವಳ

ಏಕಾದಶಿಯ ಮಧ್ಯಾಹ್ನ ಹಣೆ ಒಡೆಯುವಂಥ ತಲೆನೋವು ಬಂದರೆ ಹಸಿವನ್ನು ದೂರಬೇಡಿ. ಎಷ್ಟೋ ಸಲ ಅದು ಕಾಫಿ ಬಿಟ್ಟದ್ದರಿಂದ ಬಂದದ್ದು. ದಿನವೂ ಕುಡಿಯುವವರಿಗೆ ಕೊನೆಯ ಲೋಟದ ನಂತರ 12ರಿಂದ 24 ಗಂಟೆಯೊಳಗೆ ನೋವು ಶುರುವಾಗಿ ಎರಡನೇ ದಿನಕ್ಕೆ ಏರುತ್ತದೆ. ಅಂದರೆ ಸರಿಯಾಗಿ ದ್ವಾದಶಿಯ ಊಟ ಸವಿಯಬೇಕಾದ ಹೊತ್ತಿಗೆ. ಎಷ್ಟೋ ಜನ ಏಕಾದಶಿ ತಮ್ಮ ಮೈಗೆ ಆಗಿಬರುವುದಿಲ್ಲ ಅಂತ ಬಿಟ್ಟಿರುವುದಕ್ಕೆ ಇಷ್ಟೇ ಕಾರಣ.

ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಪಂಚಮಿಗೆ ಮೂರಕ್ಕೆ ಇಳಿಸಿ, ಸಪ್ತಮಿಗೆ ಎರಡು, ನವಮಿಗೆ ಒಂದು, ದಶಮಿಯ ಬೆಳಿಗ್ಗೆ ಅರ್ಧ. ಚಹಾಕ್ಕೂ ಇದೇ ಕ್ರಮ. ಒಮ್ಮೆಲೇ ಬಿಡುವ ಶೂರತನ ಬೇಡ.

ಕವಳದ ವಿಷಯ ಮಲೆನಾಡಿನಲ್ಲಿ ಇನ್ನೂ ಕಷ್ಟ. ಅಂಗಳದಲ್ಲೇ ಅಡಿಕೆ, ಹಿತ್ತಿಲ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿ. ಏಕಾದಶಿಗೆ ತಾಂಬೂಲ ನಿಷಿದ್ಧ. ಬರೀ ಎಲೆ ಅಡಿಕೆಯಾದರೆ ಒಂದು ದಿನಕ್ಕೆ ಬಾಯಿ ಚಡಪಡಿಸುತ್ತದೆ, ಅಷ್ಟೇ. ಹೊಗೆಸೊಪ್ಪು ಸೇರಿಸುವವರಿಗೆ ಸಿಡುಕು, ನಿದ್ದೆಗೇಡು ಎರಡೂ ಬರುತ್ತವೆ. ಕವಳದ ಬಟ್ಟಲನ್ನು ದಶಮಿಯ ರಾತ್ರಿಯೇ ಕಣ್ಣಿಗೆ ಬೀಳದ ಕಡೆ ಇಡಿ. ಬಾಯಿಗೆ ಎರಡು ಏಲಕ್ಕಿ ಅಥವಾ ಒಂದು ಲವಂಗ ಸಾಕು.

ದಶಮಿ

ಮಧ್ಯಾಹ್ನ ಒಂದು ಗಂಟೆಯೊಳಗೆ ಒಂದು ತೃಪ್ತಿಯ ಊಟ. ನಾಳೆ ಸಿಗುವುದಿಲ್ಲವೆಂದು ತುಂಬಿಕೊಳ್ಳುವ ಊಟವಾಗಬಾರದು. ಹೆಚ್ಚು ಉಂಡಷ್ಟೂ ಮರುದಿನ ಹೊಟ್ಟೆ ಆ ಹೊತ್ತಿಗೆ ಅಷ್ಟನ್ನೇ ಕೇಳುತ್ತದೆ. ಅನ್ನ, ತೊವ್ವೆ, ಬೂದುಗುಂಬಳವೋ ಮೊಗೆಕಾಯಿಯೋ ಹಾಕಿದ ಹುಳಿ, ಬಾಳೆದಿಂಡಿನ ಪಲ್ಯ, ಮಜ್ಜಿಗೆ. ಬಾಳೆದಿಂಡಿನಂಥ ನಾರಿನ ತರಕಾರಿ ತಿಂದರೆ ಮರುದಿನ ಮಲ ಕಟ್ಟುವುದಿಲ್ಲ. ಕರಿದದ್ದು ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಇವತ್ತೊಂದು ದಿನ ಭರಣಿಯಲ್ಲೇ ಬಿಡಿ, ಅದರ ಉಪ್ಪು ನಾಳೆ ಪೂರ್ತಿ ಬಾಯಾರಿಸುತ್ತದೆ.

ರಾತ್ರಿ ಊಟವಿಲ್ಲ ಅನ್ನುವುದು ಪೂರ್ಣ ಕ್ರಮ. ಒಂದು ಗಂಟೆಯ ಊಟದಿಂದ ದ್ವಾದಶಿಯ ಏಳು ಗಂಟೆಗೆ 42 ಗಂಟೆಯಾಗುತ್ತದೆ. ಹೊಸಬರು ದಶಮಿಯ ಸಂಜೆ ಏಳಕ್ಕೆ ಒಂದು ಬಟ್ಟಲು ತೆಳ್ಳನೆ ಗಂಜಿ ಕುಡಿದರೆ ಅದು 36ಕ್ಕೆ ಇಳಿಯುತ್ತದೆ. ಮೊದಲ ಆರು ತಿಂಗಳು ಹೀಗೇ ಮಾಡಿ, ಯಾರೂ ಕೇಳುವುದಿಲ್ಲ.

ಇನ್ನೊಂದು ಕೆಲಸ: ದ್ವಾದಶಿಯ ಅಡುಗೆಗೆ ಬೇಕಾದ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ ಮನೆಯಲ್ಲಿ ಇವೆಯೇ ಎಂದು ಇವತ್ತೇ ನೋಡಿಕೊಳ್ಳಿ. ಅಗಸೆ ಅಂದರೆ ಇಲ್ಲಿ ಎಣ್ಣೆ ತೆಗೆಯುವ ಅಗಸೆಬೀಜದ ಗಿಡವಲ್ಲ, ಚೊಗಚೆ ಎಂದೂ ಕರೆಯುವ ಮರದ ಸೊಪ್ಪು. ಹಿತ್ತಿಲಲ್ಲಿ ಮರವಿಲ್ಲದವರು ಸಂತೆಯಲ್ಲೋ ಪೇಟೆಯ ಸೊಪ್ಪಿನವರ ಹತ್ತಿರವೋ ಮೊದಲೇ ಹೇಳಿಟ್ಟರೆ ಸಿಗುತ್ತದೆ. ಹೊತ್ತಿಗೆ ಸರಿಯಾಗಿ ಹುಡುಕಿದರೆ ಸಿಗದು.

ಏಕಾದಶಿ: ಎಷ್ಟು ಬಿಡುವುದು

ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಫಳಾರ: ಅಕ್ಕಿ, ಗೋದಿ, ರಾಗಿ, ಬೇಳೆ ಕಾಳು ಏನೂ ಇಲ್ಲ, ಹಣ್ಣು, ಗೆಡ್ಡೆ, ಹಾಲು ಮಾತ್ರ. ಬೆಳಿಗ್ಗೆ ಹನ್ನೊಂದಕ್ಕೆ ಎರಡು ಪುಟ್ಟಬಾಳೆ, ಒಂದು ಲೋಟ (200 ಮಿ.ಲೀ.) ಹಾಲು. ಸಂಜೆ ಐದಕ್ಕೆ 150 ಗ್ರಾಂನಷ್ಟು ಬೇಯಿಸಿದ ಗೆಣಸು, ಇನ್ನೊಂದು ಲೋಟ ಹಾಲು ಅಥವಾ ಮಜ್ಜಿಗೆ. ಇದಕ್ಕಿಂತ ಹೆಚ್ಚಾದರೆ ಅದು ಊಟವೇ. ಎರಡನೆಯದು ದ್ರವ ಮಾತ್ರ: ಹಾಲು, ನೀರುಮಜ್ಜಿಗೆ (ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು, ಚಿಟಿಕೆ ಉಪ್ಪು), ಎಳನೀರು, ಜೀರಿಗೆ ಕಷಾಯ. ಮೂರನೆಯದು ಬರೀ ನೀರಿನ ನಿಟ್ಟುಪವಾಸ. ನೀರನ್ನೂ ಬಿಡುವ ನಿರ್ಜಲವನ್ನು ಜ್ಯೇಷ್ಠ ಶುದ್ಧ ಏಕಾದಶಿಗೆ ಕೆಲವರು ಮಾಡುತ್ತಾರೆ. ವರ್ಷಗಟ್ಟಲೆ ಅಭ್ಯಾಸವಿಲ್ಲದವರು ಅದರ ತಂಟೆಗೆ ಹೋಗಬಾರದು.

ಮೊದಲ ಮೆಟ್ಟಿಲಲ್ಲಿ ಆರು ಏಕಾದಶಿ ಸಲೀಸಾಗಿ ಕಳೆದರೆ ಎರಡನೆಯದಕ್ಕೆ ಹೋಗಿ. ಹೋಗಲೇಬೇಕೆಂದೇನಿಲ್ಲ. ಹುಮ್ಮಸ್ಸಿನಲ್ಲಿ ಸೋಮವಾರ, ಸಂಕಷ್ಟಿ, ಏಕಾದಶಿ ಮೂರನ್ನೂ ಒಟ್ಟಿಗೆ ಹಿಡಿದವರ ಪಾಡು ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗೆ.

ಫಳಾರದ ಹೆಸರಲ್ಲಿ ಉಪ್ಪಿಟ್ಟು, ಅವಲಕ್ಕಿ ನಡೆಯುವ ಮನೆಗಳು ಬಹಳ. ಅವಲಕ್ಕಿ ಅಕ್ಕಿಯಲ್ಲದೆ ಇನ್ನೇನು? ಮನೆಯ ಹಿರಿಯರು ರೂಢಿ ಎಂದರೆ ವಾದ ಬೇಡ, ಆದರೆ ಅದರಿಂದ ಮೈಗೆ ಆಗುವುದು ಒಂದು ಮಾಮೂಲಿ ತಿಂಡಿಯಿಂದ ಆಗುವಷ್ಟೇ. ಗೋಡಂಬಿ ಒಗ್ಗರಣೆಯ ಸಾಬಕ್ಕಿ ಖಿಚಡಿಯೂ ಅದೇ ಪೈಕಿ. ಹೊಟ್ಟೆ ತುಂಬಿ ಮಧ್ಯಾಹ್ನ ನಿದ್ದೆ ಎಳೆಯುತ್ತದೆ.

ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರು, ಸ್ವಲ್ಪ ಸ್ವಲ್ಪವಾಗಿ. ಬರೀ ನೀರನ್ನೇ ಕೊಡಗಟ್ಟಲೆ ಕುಡಿದು ಉಪ್ಪನ್ನು ಪೂರ್ತಿ ಬಿಟ್ಟವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಮಜ್ಜಿಗೆಗೆ ಹಾಕುವ ಆ ಚಿಟಿಕೆ ಉಪ್ಪು ಬೇಕು. ಸಂಜೆಗೆ ಬಾಯಿ ಒಂಥರಾ ವಾಸನೆ ಬರುವುದು ಸಹಜ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತ ಬಂದು ಮೈ ಕೊಬ್ಬನ್ನು ಉರಿಸಲು ಹೊರಟಿದೆ ಎಂದರ್ಥ. ಬಾಯಿ ಮುಕ್ಕಳಿಸಿದರೆ ಸಾಕು.

ಆಷಾಢದ ಪ್ರಥಮೈಕಾದಶಿ ನಮ್ಮ ಕಡೆ ಮಳೆಯ ಮಧ್ಯದಲ್ಲೇ ಬೀಳುತ್ತದೆ. ಉಂಡಾಗ ಹುಟ್ಟುವ ಬಿಸಿ ಇಲ್ಲದ್ದರಿಂದ ಹಸಿದ ಮೈಗೆ ಚಳಿ ಹೆಚ್ಚು. ಸ್ವೆಟರ್ ಹಾಕಿ, ನೀರನ್ನು ಬಿಸಿ ಮಾಡಿಯೇ ಕುಡಿಯಿರಿ. ಬಚ್ಚಲ ಹಂಡೆಯ ಸುಡುನೀರನ್ನು ಅರ್ಧ ಗಂಟೆ ಹೊಯ್ದುಕೊಳ್ಳುವ ಸುಖ ಮಾತ್ರ ಇವತ್ತು ಬೇಡ. ಬಿಸಿಗೆ ರಕ್ತನಾಳಗಳು ಸಡಿಲಾಗಿ, ಒಮ್ಮೆಲೇ ಎದ್ದರೆ ಬಚ್ಚಲಲ್ಲೇ ಬೀಳುವ ಸಂಭವವಿದೆ. ಮಣೆಯ ಮೇಲೆ ಕೂತು ಮೀಯಿರಿ, ನಿಧಾನ ಏಳಿರಿ.

ಅದೇ ಹೊತ್ತಿಗೆ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ, ಮುಂದೆ ಸುಗ್ಗಿಗೆ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೆಲಸ. ಉಪವಾಸ ಇದ್ದವರು ಮರ ಹತ್ತಕೂಡದು, ಒದ್ದೆ ಮರವನ್ನಂತೂ ಮುಟ್ಟಕೂಡದು. ಕೊನೆಗಾರ ಬರುವ ದಿನ ಏಕಾದಶಿಯಾದರೆ ಮರ ಹತ್ತುವವನಿಗೆ ಹೊಟ್ಟೆ ತುಂಬ ತಿಂಡಿ ಹಾಕುವುದು ಮನೆಯವರ ಕೆಲಸ, ನಿಮ್ಮ ವ್ರತ ಅವನ ಹೊಟ್ಟೆಯ ಮೇಲೆ ಬೀಳಬಾರದು. ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಗಾಡಿ ಓಡಿಸುವುದನ್ನೂ ಇವತ್ತು ಇನ್ನೊಬ್ಬರಿಗೆ ಬಿಡಿ.

ಹಸಿವಿನ ಜೊತೆ ಕೂರುವುದು

ಹಸಿವು ದಿನವಿಡೀ ಒಂದೇ ಸಮ ಇರುವುದಿಲ್ಲ. ನಿಮ್ಮ ದಿನದ ತಿಂಡಿಯ ಹೊತ್ತಿಗೆ, ಊಟದ ಹೊತ್ತಿಗೆ, ರಾತ್ರಿಯ ಹೊತ್ತಿಗೆ ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಮೂರು ಅಲೆಗಳ ಹೊತ್ತಿಗೇ ಜಪವನ್ನು ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಎದ್ದು ಎಲ್ಲವನ್ನೂ ಮುಗಿಸಿಬಿಟ್ಟರೆ ಮಧ್ಯಾಹ್ನ ಒಂದೂವರೆಗೆ ಕೈಯಲ್ಲಿ ಫೋನು ಬಿಟ್ಟು ಏನೂ ಇರುವುದಿಲ್ಲ, ಫೋನಿನ ತುಂಬ ಯಾರೋ ಹೋಳಿಗೆ ಬೇಯಿಸುತ್ತಿರುತ್ತಾರೆ.

ಮಂತ್ರ ನಿಮ್ಮ ಮನೆಯದು ಯಾವುದೋ ಅದು, ಅಷ್ಟಾಕ್ಷರಿಯೋ ಪಂಚಾಕ್ಷರಿಯೋ. ಜಪಮಾಲೆ ಇಲ್ಲದಿದ್ದರೆ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಮೂರು ಮೂರು ಗೆರೆ ಎಣಿಸಿ: ಒಂದು ಸುತ್ತಿಗೆ 12, ಒಂಬತ್ತು ಸುತ್ತಿಗೆ 108. ಸಂಪ್ರದಾಯದ ಕರಮಾಲೆಯ ಕ್ರಮ ಬೇರೆಯಿದೆ, ಲೆಕ್ಕಕ್ಕೆ ಇದು ಸಾಕು. ಉಸಿರು ಬಿಡುವಾಗ ಒಂದೊಂದು ಸಲ ಹೇಳಿದರೆ 108ಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ. ಮೂರು ಸಲ ಮಾಡುವಷ್ಟರಲ್ಲಿ ಅಲೆ ಇಳಿದಿರುತ್ತದೆ. ವಿಷ್ಣುಸಹಸ್ರನಾಮ ಬರುವವರಿಗೆ ಅದೊಂದೇ ಸಾಕು, ನಿಧಾನವಾಗಿ ಹೇಳಿದರೆ ಅರ್ಧ ಗಂಟೆ.

ಈಗ ಇಡೀ ಕ್ರಮದಲ್ಲಿ ತುಂಬ ಉಪಯೋಗಕ್ಕೆ ಬರುವ ಒಂದು ಪರೀಕ್ಷೆ. ಹಸಿವಾದಾಗ ಕೇಳಿಕೊಳ್ಳಿ: ಉಪ್ಪಿಲ್ಲದೆ ಬೇಯಿಸಿದ ಗೆಣಸು ಕೊಟ್ಟರೆ ತಿನ್ನುತ್ತೇನೆಯೇ? ಹೌದು ಎಂದರೆ ಅದು ಹೊಟ್ಟೆಯ ಹಸಿವು. ಗೆಣಸು ಬೇಡ, ಬೆಣ್ಣೆ ಹಾಕಿದ ದೋಸೆಯೇ ಬೇಕು ಎಂದರೆ ಅದು ನಾಲಗೆಯದು. ಹೊಟ್ಟೆಯದಾದರೆ ನಿಮ್ಮ ಮೆಟ್ಟಿಲಿನ ಮಿತಿಯೊಳಗೆ ಏನಾದರೂ ಕುಡಿಯಿರಿ. ನಾಲಗೆಯದಾದರೆ ಆ ತಿನಿಸಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ದೇವರ ಗೂಡಿನಲ್ಲಿಡಿ. ಬೈದುಕೊಳ್ಳುವುದು, ನಾಚುವುದು ಬೇಡ. ಬರೆದಿಟ್ಟ ಕೂಡಲೇ ಅದರ ಎಳೆತ ಅರ್ಧ ಇಳಿಯುತ್ತದೆ, ಏಕೆಂದರೆ ನೀವು ಇಲ್ಲವೆಂದಿಲ್ಲ, ಆಮೇಲೆ ಎಂದಿದ್ದೀರಿ.

ಸಂಜೆ ನಾಲ್ಕರಿಂದ ಆರು ಕೆಟ್ಟ ಹೊತ್ತು. ಸಿಡುಕು ಬರುವುದು ಆಗಲೇ. ಕೂಲಿ ಲೆಕ್ಕ, ಗದ್ದೆ ಬೇಲಿಯ ತಕರಾರು, ಮಕ್ಕಳ ಅಂಕಪಟ್ಟಿ, ಇವನ್ನೆಲ್ಲ ಆ ಎರಡು ಗಂಟೆ ಮುಟ್ಟಬೇಡಿ. ಸಾಧ್ಯವಾದರೆ ಮೌನ. ಹೊಳೆದಂಡೆ ಹತ್ತಿರವಿದ್ದರೆ ಹೋಗಿ ಕೂತು ಬನ್ನಿ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವ ಮೆಟ್ಟಿಲಾಗಲಿ, ತೀರ್ಥಹಳ್ಳಿಯಲ್ಲಿ ತುಂಗೆಯ ಬಂಡೆಯಾಗಲಿ, ಮನೆ ಹಿಂದಿನ ಹಳ್ಳವಾಗಲಿ. ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯಬೇಡಿ. ರಾತ್ರಿ ಊರಿನ ಗುಡಿಯಲ್ಲಿ ಭಜನೆ ಇದ್ದರೆ ಅದು ಉಪವಾಸದ ದಿನಕ್ಕೆ ಒಳ್ಳೆ ಊಟ. ತಾಳ ಹಾಕುತ್ತ ಹಾಡುವಾಗ ಹಸಿವು ನೆನಪಾಗುವುದಿಲ್ಲ. ಜಾಗರಣೆ ಪೂರ್ತಿ ರಾತ್ರಿ ಬೇಡ, ಹತ್ತೂವರೆಗೆ ಮಲಗಿ. ನಿದ್ದೆ ತೆಳ್ಳಗಿರುತ್ತದೆ, ಅದಕ್ಕೆ ಗಾಬರಿ ಬೇಡ.

ದ್ವಾದಶಿ ಬೆಳಿಗ್ಗೆ

ಇಲ್ಲಿ ಒಂದು ತಕರಾರು ಹೇಳಲೇಬೇಕು. ಮನೆಮಂದಿಯೆಲ್ಲ ಉಪವಾಸವಿದ್ದು, ದ್ವಾದಶಿಗೆ ನಾಲ್ಕೂವರೆಗೆ ಎದ್ದು ಒಲೆಯ ಮುಂದೆ ನಿಲ್ಲುವುದು ಮಾತ್ರ ಅಮ್ಮನೋ ಅತ್ತಿಗೆಯೋ ಆದರೆ, ಉಳಿದವರ ವ್ರತ ಅವರ ಬೆನ್ನಿನ ಮೇಲೆ ನಡೆದಂತೆ. ಕಾಯಿ ತುರಿಯುವುದು, ಸೊಪ್ಪು ಬಿಡಿಸುವುದು, ಎಲೆ ಕೊಯ್ದು ತರುವುದು, ಪಾತ್ರೆ ತೊಳೆಯುವುದು ಉಪವಾಸವಿದ್ದ ಗಂಡಸರ ಪಾಲು. ಇದನ್ನು ಏಕಾದಶಿಯ ಸಂಜೆಯೇ ಹಂಚಿಕೊಳ್ಳಿ.

ಏಳು ಗಂಟೆಯ ಪಾರಣೆಗೆ ಐದೂಕಾಲಿಗೆ ಒಲೆ ಹೊತ್ತಿದರೆ ಸಾಕು. ಅಳತೆ ನಾಲ್ವರಿಗೆ.

ತೊವ್ವೆ: 100 ಗ್ರಾಂ ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಘಮ್ಮೆನ್ನುವವರೆಗೆ ಹುರಿದು, ತೊಳೆದು, 800 ಮಿ.ಲೀ. ನೀರು, ಚಿಟಿಕೆ ಅರಿಸಿನ, ಒಂದಿಂಚು ಜಜ್ಜಿದ ಶುಂಠಿ ಹಾಕಿ ಬೇಯಿಸಿ. ಬೆಂದು ಕರಗಿದ ಮೇಲೆ ಉಪ್ಪು, ಇಳಿಸಿ ಅರ್ಧ ಲಿಂಬೆ. ದ್ವಾದಶಿಗೆ ಹುಣಸೆಹುಳಿ, ಒಣಮೆಣಸು ಬಿಡುವ ಪದ್ಧತಿ ಹಲವು ಮನೆಗಳಲ್ಲಿದೆ, ಖಾಲಿ ಹೊಟ್ಟೆಗೆ ಅದೇ ಒಳ್ಳೆಯದು. ಖಾರಕ್ಕೆ ಕಾಳುಮೆಣಸು ಸಾಕು. ತೊಗರಿಬೇಳೆ ಭಾರ, ಇವತ್ತು ಬೇಡ. ಅನ್ನ ಒಂದಕ್ಕೆ ಮೂರೂವರೆ ನೀರಿಟ್ಟು ಮೆತ್ತಗೆ ಮಾಡಿ.

ಅಗಸೆ ಸೊಪ್ಪಿನ ಪಲ್ಯ: ನಾಲ್ಕು ಹಿಡಿ ಎಳೆಸೊಪ್ಪು ಬೆಂದರೆ ಒಂದು ಸಣ್ಣ ಬಟ್ಟಲಾಗುತ್ತದೆ. ಎಲೆಗಳನ್ನು ನಡುವಿನ ಕಡ್ಡಿಯಿಂದ ಬಿಡಿಸಬೇಕು, ಕಡ್ಡಿ ನಾರು ಮತ್ತು ಕಹಿ. ಬಿಡಿಸುವುದನ್ನು ಸಂಜೆಯೇ ಮಾಡಬಹುದು, ಹೆಚ್ಚುವುದು ಬೆಳಿಗ್ಗೆಯೇ. ಎರಡು ದೊಡ್ಡ ಚಮಚ ಹೆಸರುಬೇಳೆಯನ್ನು ಇಪ್ಪತ್ತು ನಿಮಿಷ ನೆನೆಸಿ, ಅರ್ಧ ಲೋಟ ನೀರಲ್ಲಿ ಅರೆಬೇಯಿಸಿ, ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿ, ಮುಚ್ಚಳ ಹಾಕದೆ ಎಂಟು ಹತ್ತು ನಿಮಿಷ ಬೇಯಿಸಿ. ಮುಚ್ಚಿದರೆ ಹಸಿರು ಬಣ್ಣ ಮಂಕಾಗುತ್ತದೆ. ಬೆಲ್ಲ ನೆಲ್ಲಿಕಾಯಿ ಗಾತ್ರ, ಕೊನೆಯಲ್ಲಿ. ಮೊದಲೇ ಹಾಕಿದರೆ ಬೇಳೆ ಬೇಯದೆ ಗಟ್ಟಿಯಾಗಿ ಉಳಿಯುತ್ತದೆ. ನಾಲ್ಕು ಚಮಚ ಕಾಯಿತುರಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ಸ್ವಲ್ಪ ಕಹಿ ಉಳಿದೇ ಉಳಿಯುತ್ತದೆ, ಉಳಿಯಬೇಕು. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ ಹಿಡಿಯುವ ಮನೆಗಳಲ್ಲಿ ಸೊಪ್ಪು ತರಕಾರಿಯೇ ಇಲ್ಲ, ಅವರು ಹಿರಿಯರನ್ನು ಕೇಳಿ ಅಡುಗೆ ಕಟ್ಟಿಕೊಳ್ಳಬೇಕು. ಸೊಪ್ಪು ಸಿಗದ ಬೇರೆ ದಿನಗಳಲ್ಲಿ ಗದ್ದೆ ಬದುವಿನ ಒಂದೆಲಗವಾದರೂ ನಡೆಯುತ್ತದೆ.

ನೆಲ್ಲಿ ತಂಬುಳಿ: ನಾಲ್ಕು ಬೆಟ್ಟದ ನೆಲ್ಲಿಯ ಬೀಜ ತೆಗೆದು, ಅರ್ಧ ಲೋಟ ಕಾಯಿತುರಿ, ಅರ್ಧ ಚಮಚ ಜೀರಿಗೆ, ಐದು ಕಾಳುಮೆಣಸಿನ ಜೊತೆ ನುಣ್ಣಗೆ ಅರೆದು, ಎರಡು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಕುದಿಸಬಾರದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಹುಳಿ ಮಜ್ಜಿಗೆ ಹಾಕಿದರೆ ನೆಲ್ಲಿಯ ಒಗರು ಮುಚ್ಚಿಹೋಗುತ್ತದೆ. ಚಳಿಗಾಲ ಬಿಟ್ಟು ಬೇರೆ ದಿನಗಳಲ್ಲಿ ಒಣಗಿಸಿಟ್ಟ ನೆಲ್ಲಿಚಟ್ಟು ಹತ್ತು ಚೂರು ರಾತ್ರಿಯೇ ನೆನೆಹಾಕಿ.

ಎಲ್ಲದಕ್ಕೂ ದಿನದ ಮುಕ್ಕಾಲು ಪಾಲಷ್ಟೇ ಉಪ್ಪು ಹಾಕಿ. ಉಪವಾಸದ ನಾಲಗೆಗೆ ಉಪ್ಪು ಎದ್ದು ಹೊಡೆಯುತ್ತದೆ. ಪಾಯಸ ಬೇಕೆಂದರೆ ಒಂದು ಸೌಟು, ಅಂಬೊಡೆ ಹಪ್ಪಳ ಬೇಡವೇ ಬೇಡ. ಖಾಲಿ ಹೊಟ್ಟೆಗೆ ಕರಿದದ್ದು ಬಿದ್ದರೆ ಹತ್ತು ಗಂಟೆಗೆಲ್ಲ ಎದೆಯುರಿ.

ಉಣ್ಣುವುದು

ತೀರ್ಥ ಮೊದಲು. ಆಮೇಲೆ ಎಲೆಯ ತುದಿಯಲ್ಲಿ ಬಡಿಸಿದ ಅಗಸೆ ಒಂದು ಚಿಟಿಕೆ, ನೆಲ್ಲಿ ಒಂದು ಚೂರು, ಆಮೇಲೆ ತುಪ್ಪ ತೊವ್ವೆ ಕಲಸಿದ ಮೆತ್ತನ್ನ. ಹುಳಿತೇಗಿನ ತೊಂದರೆ ಇರುವವರು ನೆಲ್ಲಿಯನ್ನು ಎರಡು ತುತ್ತು ತುಪ್ಪದನ್ನದ ನಂತರ ಇಟ್ಟುಕೊಂಡರೆ ಒಳ್ಳೆಯದು. ತಂಬುಳಿ ಅನ್ನ ಕೊನೆಗೆ.

ಮೊದಲ ಐದು ತುತ್ತಿಗೆ ಮಾತು ಬೇಡ, ಟೀವಿ ಬೇಡ, ಇನ್ನೊಂದು ಸಲ ಬಡಿಸುವ ಒತ್ತಾಯವೂ ಬೇಡ. ಒಂದು ತುತ್ತು ನುಂಗಿ ಬಾಯಿ ಖಾಲಿಯಾದ ಮೇಲೆ ಇನ್ನೊಂದು ಕಲಸಿ. ಕೈಯಲ್ಲಿ ಮುಂದಿನ ತುತ್ತು ಸಿದ್ಧವಾಗಿದ್ದರೆ ಬಾಯಲ್ಲಿರುವ ತುತ್ತಿನ ರುಚಿ ಸಿಗುವುದಿಲ್ಲ. ಅಕ್ಕಿಯ ಸಿಹಿ ಇಷ್ಟು ಸ್ಪಷ್ಟವಾಗಿ ತಿಳಿಯುವುದು ಹದಿನೈದು ದಿನದಲ್ಲಿ ಇದೊಂದೇ ಸಲ. ಎರಡು ಮೂರನೇ ತುತ್ತಿಗೆ ಕಣ್ಣು ತುಂಬಿಬಂದರೆ ಮುಜುಗರ ಬೇಡ. ವ್ರತದ ತೃಪ್ತಿ ಅನ್ನುವುದನ್ನು ಎಲ್ಲಿ ಹುಡುಕಬೇಕೆಂದು ಕೇಳುವವರಿಗೆ ತೋರಿಸಬಹುದಾದ ಜಾಗ ಈ ಐದು ತುತ್ತು.

ಆರನೆಯದರಿಂದ ಅಪಾಯ ಶುರು. ನಾಲಗೆ ಎಚ್ಚೆತ್ತಿರುತ್ತದೆ, ಹೊಟ್ಟೆ ಇನ್ನೂ ಲೆಕ್ಕ ಹೇಳಿರುವುದಿಲ್ಲ. ಹೊಟ್ಟೆ ತುಂಬಿದ್ದು ತಿಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಮೊದಲ ಸಲ ಬಡಿಸಿಕೊಳ್ಳುವುದೇ ದಿನದ ಅರ್ಧದಷ್ಟು. ಮುಗಿದ ಮೇಲೆ ಎಲೆಯ ಮುಂದೆ ಸುಮ್ಮನೆ ಐದು ನಿಮಿಷ ಕೂತು, ಇನ್ನೂ ಬೇಕೆನಿಸಿದರೆ ಇನ್ನೊಂದು ಸೌಟು. ಮೊದಲ ತೇಗು ಬಂದರೆ ಏಳಿ.

ಎಲೆ ದನಕ್ಕೆ ಹಾಕಿ ಬಂದು ಒಂದು ಲೋಟ ತಣ್ಣೀರು ಕುಡಿಯಿರಿ. ಬಾಯಲ್ಲಿ ನೆಲ್ಲಿಯ ಒಗರು ಉಳಿದಿದ್ದರೆ ಬಾವಿಯ ನೀರು ಬೆಲ್ಲ ಕದಡಿದಷ್ಟು ಸಿಹಿ. ಹಗಲು ನಿದ್ದೆ ಬೇಡ, ರಾತ್ರಿ ಊಟವಿಲ್ಲ. ಹಸಿವಾದರೆ ಹಾಲು.

ದೇವರ ಗೂಡಿನಲ್ಲಿಟ್ಟ ಚೀಟಿಯನ್ನು ದ್ವಾದಶಿಗೆ ತೆಗೆಯಬೇಡಿ, ತ್ರಯೋದಶಿ ಬೆಳಿಗ್ಗೆ ತೆಗೆದು ಓದಿ. ಬರೆದದ್ದನ್ನು ನೋಡಿ ನಗು ಬಂದರೆ ಹರಿದು ಒಲೆಗೆ ಹಾಕಿ. ಇನ್ನೂ ಬೇಕು ಅನಿಸಿದರೆ ಮಾಡಿಕೊಂಡು ತಿನ್ನಿ, ದೋಸೆಯಾದರೂ ಸರಿ, ಮೊದಲ ಐದು ತುತ್ತು ಮಾತಿಲ್ಲದೆ.